‘ಎಲ್‌ಇಡಿ ಹತ್ತವಲ್ದು ಸರ್’: ಆನ್‌ಲೈನ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪ್ರಶ್ನೆ ಕೇಳುವುದು ಹೇಗೆ?

‘ಸರ್ರ, ಸರ್ಕೀಟ್ ಮಾಡೇನ್ರಿ, ಎಲ್‌ಇಡಿ ಹತ್ತವಲ್ದು. ಏನ್ ಮಾಡ್ಲಿ?’

ಇಂಡಿ ಕಡೆಯಿಂದ, ಜಮಖಂಡಿಯಿಂದ, ಗೋಕಾಕದಿಂದ ನನಗೆ ಬರುವ ಮೆಸೇಜುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಹತ್ತವಲ್ದು ಅಂದರೆ ಉರಿಯುತ್ತಿಲ್ಲ. ಇದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ‘ದೊಡ್ಡ ಗ್ರೂಪಿನಲ್ಲೂ ಹಾಕಿದ್ದೆ ಸರ್, ಯಾರೂ ಉತ್ತರ ಕೊಡಲಿಲ್ಲ.’ ಕೆಲವರಿಗೆ ಬೈಗುಳವೂ ಸಿಕ್ಕಿದೆ. ಆಮೇಲೆ ಅವರು ಸೋಲ್ಡರಿಂಗ್ ಐರನ್ ಮುಟ್ಟುವುದನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಬಾರದು. ಅದಕ್ಕೇ ಈ ಬರಹ.

ಊರಿನ ರಿಪೇರಿ ಅಂಗಡಿಗೆ ರೇಡಿಯೋ ಒಯ್ದರೆ ನೀವು ಏನೂ ಹೇಳಬೇಕಾಗಿಲ್ಲ. ಮೆಕ್ಯಾನಿಕ್ ಅದನ್ನು ಬಿಚ್ಚುತ್ತಾರೆ, ಮೂಸಿ ನೋಡುತ್ತಾರೆ, ಮೀಟರ್ ಇಡುತ್ತಾರೆ. ಆನ್‌ಲೈನ್‌ನಲ್ಲಿ ಉತ್ತರ ಕೊಡುವವರಿಗೆ ನಿಮ್ಮ ಮೇಜು ಕಾಣುವುದಿಲ್ಲ. ಅವರ ಕಣ್ಣು ನೀವೇ, ಕೈ ನೀವೇ, ಮೀಟರೂ ನೀವೇ. ನೀವು ಕೊಟ್ಟಷ್ಟೇ ಅವರಿಗೆ ಗೊತ್ತು. ‘ಹತ್ತವಲ್ದು’ ಅಂತ ಮಾತ್ರ ಹೇಳಿದರೆ ಅವರ ಹತ್ತಿರ ಇರುವುದು ಆ ಒಂದು ಪದ ಮಾತ್ರ, ಅಲ್ವಾ?

ಕೈಯಲ್ಲಿ ಏನಿರಬೇಕು?

ಒಂದು ಮಲ್ಟಿಮೀಟರ್. ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಅಳೆಯುವ ಉಪಕರಣ ಇದು. ಹಳದಿ ಬಣ್ಣದ ಅಗ್ಗದ ಮೀಟರ್ ಇದ್ದರೂ ಆಗುತ್ತದೆ. ಜೊತೆಗೆ ಒಂದು ನೋಟ್‌ಬುಕ್, ಪೆನ್ಸಿಲ್, ಮೊಬೈಲ್ ಕ್ಯಾಮೆರಾ. ನೀವು ಬಳಸಿದ ಪ್ರತಿ ಪಾರ್ಟಿನ ಡೇಟಾಶೀಟ್ ಸಹ ಬೇಕು. ಡೇಟಾಶೀಟ್ ಅಂದರೆ ಪಾರ್ಟ್ ತಯಾರಿಸಿದ ಕಂಪನಿಯೇ ಕೊಡುವ ಮಾಹಿತಿ ಹಾಳೆ. ಯಾವ ಕಾಲು ಏನು, ಎಷ್ಟು ವೋಲ್ಟ್ ತಡೆಯುತ್ತದೆ, ಎಲ್ಲ ಅದರಲ್ಲಿರುತ್ತದೆ. ಪಾರ್ಟಿನ ನಂಬರ್ ಜೊತೆ ಡೇಟಾಶೀಟ್ ಅಂತ ಸೇರಿಸಿ ಹುಡುಕಿದರೆ ಪಿಡಿಎಫ್ ಪುಕ್ಕಟೆ ಸಿಗುತ್ತದೆ.

ಮಲ್ಟಿಮೀಟರ್ ಇಲ್ಲದೆ ಪ್ರಶ್ನೆ ಕೇಳಲು ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ. ಹೊಸ ಸೆನ್ಸರ್ ಕೊಳ್ಳುವ ದುಡ್ಡಿದ್ದರೆ ಮೊದಲು ಮೀಟರ್ ಕೊಳ್ಳಿ.

1. ಇದು ಆನ್‌ಲೈನ್‌ನಲ್ಲಿ ಕೇಳುವ ಪ್ರಶ್ನೆಯೇ ಅಂತ ನೋಡಿ

ನಮ್ಮ ಕಡೆ ಬಹಳ ಜನ ಎಲೆಕ್ಟ್ರಾನಿಕ್ಸ್ ಕಲಿಯಲು ಶುರು ಮಾಡುವುದೇ ಹೊಲಕ್ಕಾಗಿ. ಬೋರ್‌ವೆಲ್ ಸ್ಟಾರ್ಟರನ್ನು ಮೊಬೈಲಿನಿಂದ ನಡೆಸಬೇಕು, ರಾತ್ರಿ ಮೂರು ಫೇಸ್ ಬಂದಾಗ ಮೋಟರ್ ತಾನೇ ಶುರುವಾಗಬೇಕು. ಆಸೆ ಒಳ್ಳೆಯದೇ. ಆದರೆ ಅಲ್ಲಿ ಒಂದು ಫೇಸಿಗೆ 230 ವೋಲ್ಟ್, ಎರಡು ಫೇಸಿನ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಒದ್ದೆ ನೆಲದ ಮೇಲೆ ನಿಂತು, ಸಾವಿರಾರು ಮೈಲಿ ದೂರದವರ ಮಾತು ಕೇಳಿ ಆ ಪೆಟ್ಟಿಗೆಗೆ ಕೈ ಹಾಕಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಊರಲ್ಲೇ ಇರುತ್ತಾರೆ, ಅವರನ್ನು ಕರೆಯಿರಿ. ನಿಮ್ಮ 5 ವೋಲ್ಟಿನ ಭಾಗ ಮಾಡಿಟ್ಟುಕೊಂಡು, ಮೇನ್ಸ್ ಭಾಗವನ್ನು ಅವರಿಗೆ ಬಿಡಿ.

ಮೊಬೈಲ್ ಚಾರ್ಜರ್, ಟಿವಿಯ ಪವರ್ ಸಪ್ಲೈ ಬಿಚ್ಚುವವರಿಗೂ ಇದೇ ಮಾತು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ, ಅಂದರೆ ಚಾರ್ಜ್ ಕೂಡಿಟ್ಟುಕೊಳ್ಳುವ ಪಾರ್ಟಿನಲ್ಲಿ, ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಲಹೊತ್ತು ಉಳಿದಿರಬಹುದು. ಗ್ರೂಪಿನಲ್ಲಿ ಹಳಬರು ‘ಮುಟ್ಟಬೇಡ’ ಅಂದರೆ ಬೇಜಾರಾಗಬೇಡಿ. ನಿಮ್ಮ ಜೀವದ ಮೇಲಿನ ಕಾಳಜಿಯಿಂದಲೇ ಅವರು ಹಾಗೆ ಹೇಳುತ್ತಾರೆ.

ಬ್ಯಾಟರಿ, ಯುಎಸ್‌ಬಿ, 12 ವೋಲ್ಟ್ ಅಡಾಪ್ಟರ್: ಇಷ್ಟರೊಳಗಿನ ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿ.

2. ಕೊನೆಗೆ ಏನಾಗಬೇಕು ಅಂತ ಹೇಳಿ

‘12 ವೋಲ್ಟನ್ನು ರೆಸಿಸ್ಟರ್ ಹಾಕಿ 5 ವೋಲ್ಟ್ ಮಾಡುವುದು ಹೇಗೆ?’ ಈ ಪ್ರಶ್ನೆ ದಿನಾ ಬರುತ್ತದೆ. ಕೇಳುವವರಿಗೆ ನಿಜವಾಗಿ ಬೇಕಾಗಿರುವುದು ಬೈಕಿನ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡುವುದು. ರೆಸಿಸ್ಟರ್ ಅಂದರೆ ಕರೆಂಟಿಗೆ ತಡೆ ಒಡ್ಡುವ ಪಾರ್ಟ್, ಅದರಿಂದ ಆ ಕೆಲಸ ಆಗುವುದಿಲ್ಲ. ಮೊಬೈಲ್ ಎಳೆಯುವ ಕರೆಂಟ್ ಬದಲಾದಂತೆ ರೆಸಿಸ್ಟರ್ ಇಳಿಸುವ ವೋಲ್ಟೇಜೂ ಬದಲಾಗುತ್ತದೆ. ಆದರೆ ಪ್ರಶ್ನೆಯಲ್ಲಿ ಮೊಬೈಲಿನ ಮಾತೇ ಇಲ್ಲ. ಹಾಗಾಗಿ ಹತ್ತು ಉತ್ತರ ಬಂದರೂ ಒಂದೂ ಕೆಲಸಕ್ಕೆ ಬರುವುದಿಲ್ಲ.

ನಿಮಗೆ ಹೊಳೆದ ಉಪಾಯದ ಬಗ್ಗೆ ಕೇಳಿ, ಆದರೆ ಅದಕ್ಕೂ ಮೊದಲು ನಿಮ್ಮ ಗುರಿ ಹೇಳಿ. ‘ನಿಂಬೆ ಸಸಿಗಳ ಕುಂಡದ ಮಣ್ಣು ಒಣಗಿದಾಗ ಸಣ್ಣ ಪಂಪ್ ತಾನೇ ಶುರುವಾಗಬೇಕು. ಅದಕ್ಕೆ ಹೀಗೆ ಮಾಡಿದ್ದೇನೆ.’ ಎರಡೇ ಸಾಲು ಸಾಕು. ಓದಿದವರಿಗೆ ನೀವು ಎತ್ತ ಹೊರಟಿದ್ದೀರಿ ಅಂತ ಗೊತ್ತಾಗುತ್ತದೆ. ದಾರಿ ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

3. ಸರ್ಕೀಟ್ ಚಿತ್ರ ಬರೆಯಿರಿ. ಕೈಯಿಂದ ಬರೆದರೂ ಸರಿ

ಹೊಸಬರು ಜಾಸ್ತಿ ತಪ್ಪಿಸಿಕೊಳ್ಳುವುದು ಇದರಿಂದಲೇ. ಬ್ರೆಡ್‌ಬೋರ್ಡಿನ ಫೋಟೋ ಹಾಕಿ ಸುಮ್ಮನಾಗುತ್ತಾರೆ. ಬ್ರೆಡ್‌ಬೋರ್ಡ್ ಅಂದರೆ ಸೋಲ್ಡರ್ ಇಲ್ಲದೆ ಪಾರ್ಟ್ ಚುಚ್ಚಿ ಸರ್ಕೀಟ್ ಕೂಡಿಸುವ ತೂತುಗಳ ಹಲಗೆ. ಹದಿನೈದು ವೈರ್ ಒಂದರ ಮೇಲೊಂದು ಬಿದ್ದಿರುವ ಫೋಟೋದಲ್ಲಿ ಯಾವುದು ಎಲ್ಲಿಗೆ ಹೋಗಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಬಿಳಿ ಹಾಳೆ ತೆಗೆದುಕೊಳ್ಳಿ. ಪ್ಲಸ್ ಮೇಲೆ, ಗ್ರೌಂಡ್ (ಸಾಮಾನ್ಯವಾಗಿ ಬ್ಯಾಟರಿಯ ಮೈನಸ್) ಕೆಳಗೆ. ಎಡಗಡೆಯಿಂದ ಸಿಗ್ನಲ್ ಬರಲಿ, ಬಲಗಡೆಗೆ ಹೋಗಲಿ. ಪ್ರತಿ ಪಾರ್ಟಿನ ಪಕ್ಕದಲ್ಲಿ ಅದರ ಬೆಲೆ ಬರೆಯಿರಿ. ಇಲ್ಲಿ ಬೆಲೆ ಅಂದರೆ ರೂಪಾಯಿ ಅಲ್ಲ, ಅದು ಎಷ್ಟು ಓಮ್, ಎಷ್ಟು ಮೈಕ್ರೋಫ್ಯಾರಡ್ ಅನ್ನುವುದು. ಟ್ರಾನ್ಸಿಸ್ಟರ್ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತೋಟಿಯಲ್ಲಿಡುವ ಮೂರು ಕಾಲಿನ ಪಾರ್ಟ್), ಐಸಿ (ಒಳಗೇ ಇಡೀ ಸರ್ಕೀಟ್ ಇರುವ ಚಿಪ್) ಆದರೆ ಪೂರ್ತಿ ನಂಬರ್ ಬೇಕು. ರೆಸಿಸ್ಟರನ್ನು ಅಮೆರಿಕದವರು ಅಂಕುಡೊಂಕು ಗೆರೆಯಾಗಿ ಬರೆಯುತ್ತಾರೆ, ಯುರೋಪಿನವರು ಉದ್ದನೆಯ ಡಬ್ಬಿಯಾಗಿ. ಎರಡೂ ಎಲ್ಲರಿಗೂ ಅರ್ಥವಾಗುತ್ತವೆ. ಕಂಪ್ಯೂಟರಿನಲ್ಲಿ ಬರೆಯುವ ಆಸೆ ಇದ್ದರೆ ಕೀಕ್ಯಾಡ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಚಿತ್ರ ಬರೆಯುವಾಗ ಒಂದು ನಿಯಮ ಇಟ್ಟುಕೊಳ್ಳಿ. ಪುಸ್ತಕದ ಚಿತ್ರ ನೋಡಿ ಬರೆಯಬೇಡಿ. ನಿಮ್ಮ ಬೋರ್ಡನ್ನೇ ನೋಡಿ, ಒಂದೊಂದು ವೈರನ್ನೂ ಬೆರಳಲ್ಲಿ ಹಿಡಿದು ಅದು ಎಲ್ಲಿಗೆ ಹೋಗುತ್ತದೋ ಅದನ್ನೇ ಬರೆಯಿರಿ. ಆಮೇಲೆ ಪುಸ್ತಕದ ಚಿತ್ರದ ಜೊತೆ ಹೋಲಿಸಿ. ಎಷ್ಟೋ ಸಲ ತಪ್ಪು ಇಲ್ಲೇ ಸಿಕ್ಕಿಬಿಡುತ್ತದೆ, ಪ್ರಶ್ನೆ ಕೇಳುವ ಕೆಲಸವೇ ಉಳಿಯುವುದಿಲ್ಲ.

ಈ ಹಂತದಲ್ಲಿ ಸಿಗುವ ಮೂರು ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲನೆಯದು ಗ್ರೌಂಡ್ ಕೂಡಿಸದೇ ಇರುವುದು. ಮೋಟರಿಗೆ ಒಂದು ಬ್ಯಾಟರಿ, ಅರ್ಡುಯಿನೋಗೆ (ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡ್) ಇನ್ನೊಂದು, ನಡುವೆ ಟ್ರಾನ್ಸಿಸ್ಟರ್. ಆಗ ಎರಡರ ಮೈನಸ್ ಸೇರಿಸಲೇಬೇಕು. ಸೇರಿಸದಿದ್ದರೆ ಸಿಗ್ನಲ್ಲಿಗೆ ಮರಳಿ ಬರುವ ದಾರಿಯೇ ಇರುವುದಿಲ್ಲ.

ಎರಡನೆಯದು ಟ್ರಾನ್ಸಿಸ್ಟರಿನ ಕಾಲು. ಹೊರದೇಶದವರ ಸರ್ಕೀಟಿನಲ್ಲಿ 2ಎನ್2222 ಇರುತ್ತದೆ. ನಮಗೆ ಸುಲಭವಾಗಿ ಸಿಗುವುದು ಬಿಸಿ547. ಚಪ್ಪಟೆ ಮುಖ ನಮ್ಮ ಕಡೆ ಇಟ್ಟು ಕಾಲು ಕೆಳಗೆ ಮಾಡಿದರೆ, ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಿಎನ್2222 ಎಂಬ ಪ್ಲಾಸ್ಟಿಕ್ ಮಾದರಿಯಲ್ಲಿ ಇದು ತಿರುಗುಮುರುಗು: ಎಮಿಟರ್, ಬೇಸ್, ಕಲೆಕ್ಟರ್. ಕಾಲು ಅಷ್ಟೇ ಅಲ್ಲ, ತಾಕತ್ತೂ ಬೇರೆ. ಬಿಸಿ547 ತಡೆಯುವುದು 100 ಮಿಲಿಆಂಪಿಯರ್ ಮಾತ್ರ. ಅದರಿಂದ ಮೋಟರ್ ನಡೆಸಲು ಹೋಗಬೇಡಿ.

ಮೂರನೆಯದು ಬ್ರೆಡ್‌ಬೋರ್ಡಿನ ಪಕ್ಕದ ಕೆಂಪು, ನೀಲಿ ಸಾಲು. ಕೆಲವು ಉದ್ದನೆಯ ಬೋರ್ಡುಗಳಲ್ಲಿ ಆ ಸಾಲು ನಡುವೆ ತುಂಡಾಗಿರುತ್ತದೆ. ಗೆರೆಯೂ ಅಲ್ಲಿ ನಿಂತಿರುತ್ತದೆ, ನೋಡಿ. ಎಡಗಡೆ 5 ವೋಲ್ಟ್ ಕೊಟ್ಟರೆ ಬಲಗಡೆ ಏನೂ ಇರುವುದಿಲ್ಲ.

4. ಅಳೆಯಿರಿ, ಅಂಕಿ ಬರೆದುಕೊಳ್ಳಿ

ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಇದೇ ಮುಖ್ಯ ಹಂತ. ‘ವೋಲ್ಟೇಜ್ ಬರ್ತಾ ಇದೆ’ ಅನ್ನುವುದಕ್ಕೂ ‘ಐಸಿಯ 8ನೇ ಕಾಲಿನಲ್ಲಿ 3.1 ವೋಲ್ಟ್ ಇದೆ, 5 ಇರಬೇಕಿತ್ತು’ ಅನ್ನುವುದಕ್ಕೂ ಬಹಳ ವ್ಯತ್ಯಾಸ. ಎರಡನೆಯದನ್ನು ಓದಿದವರು ಕುರ್ಚಿ ಎಳೆದುಕೊಂಡು ಕೂತು ಉತ್ತರ ಬರೆಯುತ್ತಾರೆ.

ಅದೇ ಎಲ್‌ಇಡಿಯನ್ನೇ ತೆಗೆದುಕೊಳ್ಳೋಣ. 9 ವೋಲ್ಟ್ ಬ್ಯಾಟರಿ, 330 ಓಮ್ ರೆಸಿಸ್ಟರ್, ಒಂದು ಕೆಂಪು ಎಲ್‌ಇಡಿ, ಒಂದರ ಹಿಂದೆ ಒಂದು. ಕೆಂಪು ಎಲ್‌ಇಡಿ ಉರಿಯುವಾಗ ಅದರ ಎರಡು ಕಾಲುಗಳ ನಡುವೆ ಸುಮಾರು 2 ವೋಲ್ಟ್ ನಿಲ್ಲುತ್ತದೆ. ಉಳಿದ 7 ವೋಲ್ಟ್ ರೆಸಿಸ್ಟರಿನ ಮೇಲೆ. 7 ಭಾಗಿಸು 330 ಅಂದರೆ ಸುಮಾರು 21 ಮಿಲಿಆಂಪಿಯರ್. ಲೆಕ್ಕ ಸರಿ ಇದೆ. ಆದರೂ ಹತ್ತುತ್ತಿಲ್ಲ.

ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಎಲ್‌ಇಡಿಯ ಎರಡು ಕಾಲಿಗೆ ಇಡಿ. ಸುಮಾರು 9 ತೋರಿಸಿತಾ? ಹಾಗಿದ್ದರೆ ಎಲ್‌ಇಡಿ ಉಲ್ಟಾ ಕೂತಿದೆ, ಇಲ್ಲವೇ ಸುಟ್ಟಿದೆ. ಉದ್ದ ಕಾಲು ಪ್ಲಸ್ ಕಡೆ ಇರಬೇಕು. ಸೊನ್ನೆ ತೋರಿಸಿತಾ? ಬ್ಯಾಟರಿಯಿಂದ ಇಲ್ಲಿವರೆಗೆ ಎಲ್ಲೋ ವೈರ್ ಬಿಟ್ಟಿದೆ. ಅಥವಾ ಎಲ್‌ಇಡಿಯ ಎರಡೂ ಕಾಲು ಬ್ರೆಡ್‌ಬೋರ್ಡಿನ ಒಂದೇ ಸಾಲಿನಲ್ಲಿವೆ. 2 ವೋಲ್ಟಿನ ಆಸುಪಾಸು ತೋರಿಸಿದರೆ ಎಲ್‌ಇಡಿಯಲ್ಲಿ ಕರೆಂಟ್ ಹರಿಯುತ್ತಿದೆ. ಕೈ ಅಡ್ಡ ಹಿಡಿದು ನೋಡಿ, ಬಿಸಿಲಿನಲ್ಲಿ ಕಾಣುತ್ತಿಲ್ಲವೇನೋ. ನೋಡಿ, ಒಂದೇ ಒಂದು ಅಂಕಿ ಮೂರು ಬೇರೆ ಕಥೆ ಹೇಳುತ್ತದೆ.

ಅಳೆಯುವಾಗ ಕೆಲವು ಎಚ್ಚರಿಕೆ. ವೋಲ್ಟೇಜ್ ಅಳೆಯಬೇಕಾದರೆ ಕೆಂಪು ವೈರ್ ಯಾವ ತೂತಿನಲ್ಲಿದೆ ಅಂತ ಮೊದಲು ನೋಡಿ. 10 ಆಂಪಿಯರ್ ತೂತಿನಲ್ಲಿಟ್ಟು ಬ್ಯಾಟರಿಗೆ ಹಿಡಿದರೆ ಅದು ಶಾರ್ಟ್ ಮಾಡಿದ ಹಾಗೆ. ಅಗ್ಗದ ಬಹಳ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸ್ ಇರುವುದಿಲ್ಲ. ಓಮ್ ಅಳೆಯುವಾಗ ಪವರ್ ಪೂರ್ತಿ ತೆಗೆದಿರಬೇಕು. ವೈರ್ ಕೂಡಿದೆಯೇ ಅಂತ ನೋಡುವ ಬೀಪ್ ಪರೀಕ್ಷೆಗೂ ಅಷ್ಟೇ. ಕಪ್ಪು ತುದಿಯನ್ನು ಗ್ರೌಂಡಿಗೆ ಇಟ್ಟು, ಕೆಂಪು ತುದಿಯಿಂದ ಒಂದೊಂದು ಜಾಗ ಮುಟ್ಟುತ್ತಾ ಹೋಗಿ. ಸಿಕ್ಕ ಅಂಕಿಯನ್ನು ನಿಮ್ಮ ಚಿತ್ರದ ಮೇಲೇ ಬರೆಯಿರಿ.

ಸಪ್ಲೈಯನ್ನು ಎರಡು ಸಲ ಅಳೆಯಿರಿ. ಏನೂ ಕೂಡಿಸದಾಗ ಒಂದು ಸಲ, ಸರ್ಕೀಟ್ ನಡೆಯುವಾಗ ಒಂದು ಸಲ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಏನೂ ಕೂಡಿಸದಾಗ 9 ತೋರಿಸುತ್ತದೆ. ಅದಕ್ಕೇ ಮೋಟರ್ ಕೂಡಿಸಿ ನೋಡಿ, ಕುಸಿದುಬಿಡುತ್ತದೆ. ಆ ಬ್ಯಾಟರಿ ಮೋಟರಿಗೆ ಮಾಡಿದ್ದಲ್ಲ. ‘ಹೊಸ ಬ್ಯಾಟರಿ ಸರ್’ ಅಂದರೆ ಪ್ರಯೋಜನವಿಲ್ಲ, ಲೋಡ್ ಇದ್ದಾಗ, ಅಂದರೆ ಮೋಟರ್ ನಡೆಯುವಾಗ, ಎಷ್ಟು ಅಂತ ಹೇಳಬೇಕು.

‘ಬಿಸಿ ಆಗ್ತಿದೆ’ ಅನ್ನುವ ದೂರಿಗೂ ಅಂಕಿ ಕೊಡಬಹುದು. 7805 ಅನ್ನುವುದು 5 ವೋಲ್ಟ್ ಕೊಡುವ ರೆಗ್ಯುಲೇಟರ್ ಐಸಿ. ಅದಕ್ಕೆ 12 ವೋಲ್ಟ್ ಕೊಟ್ಟು ಅರ್ಧ ಆಂಪಿಯರ್ ಎಳೆದರೆ, ಉಳಿದ 7 ವೋಲ್ಟನ್ನು ಅದು ಶಾಖವಾಗಿ ಸುಡಬೇಕು. 7 ಗುಣಿಸು 0.5, ಅಂದರೆ 3.5 ವ್ಯಾಟ್. ಹೀಟ್‌ಸಿಂಕ್ ಇಲ್ಲದೆ ಅಷ್ಟು ಶಾಖ ಹೊರಗೆ ಹೋಗುವುದಿಲ್ಲ. ಹೀಟ್‌ಸಿಂಕ್ ಅಂದರೆ ಶಾಖ ಹೊರಹಾಕಲು ಕೂಡಿಸುವ ಅಲ್ಯೂಮಿನಿಯಂ ತುಂಡು. ವಿಜಯಪುರದ ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಇನ್ನೂ ಕಷ್ಟ. ನೀವು ‘12 ವೋಲ್ಟ್ ಒಳಗೆ, ಅರ್ಧ ಆಂಪಿಯರ್ ಹೊರಗೆ, ಹೀಟ್‌ಸಿಂಕ್ ಇಲ್ಲ’ ಅಂತ ಬರೆದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

5. ಸರ್ಕೀಟನ್ನು ಚಿಕ್ಕದು ಮಾಡಿ

ಸೆನ್ಸರ್, ಡಿಸ್‌ಪ್ಲೇ, ವೈಫೈ, ರಿಲೇ (ಸಣ್ಣ ಸಿಗ್ನಲ್ಲಿನಿಂದ ನಡೆಯುವ ಸ್ವಿಚ್), ಪಂಪ್ ಎಲ್ಲ ಒಟ್ಟಿಗೆ ಇದ್ದರೆ ತಪ್ಪು ಎಲ್ಲಿದೆ ಅಂತ ದೇವರಿಗೇ ಗೊತ್ತು. ಒಂದೊಂದಾಗಿ ತೆಗೆಯಿರಿ. ಪಂಪಿನ ಜಾಗದಲ್ಲಿ ರೆಸಿಸ್ಟರ್ ಜೊತೆ ಎಲ್‌ಇಡಿ ಹಾಕಿ. ಆಗಲೂ ತೊಂದರೆ ಇದೆಯಾ? ಡಿಸ್‌ಪ್ಲೇ ತೆಗೆದರೆ? ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

6. ಮಾತನ್ನು ಸೋಸಿಕೊಳ್ಳಿ

ಇದು ಕನ್ನಡದಲ್ಲಿ ಯೋಚಿಸುವ ನಮಗೇ ವಿಶೇಷವಾಗಿ ಬೇಕಾದ ಹಂತ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ಕರೆಂಟ್ ಬರ್ತಾ ಇಲ್ಲ.’ ಮನೆಯಲ್ಲಿ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಸರ್ಕೀಟಿನ ಬಗ್ಗೆ ಹೇಳುವಾಗ ಇದು ಗೊಂದಲ. ನಾವು ವೋಲ್ಟೇಜಿಗೂ ಕರೆಂಟ್ ಅಂತೀವಿ, ಸಪ್ಲೈಗೂ ಕರೆಂಟ್ ಅಂತೀವಿ. ತಾಂತ್ರಿಕವಾಗಿ ಕರೆಂಟ್ ಅಂದರೆ ವೈರಿನಲ್ಲಿ ಹರಿಯುವ ಪ್ರಮಾಣ, ಅದರ ಅಳತೆ ಆಂಪಿಯರ್. ವೋಲ್ಟೇಜ್ ಅಂದರೆ ಎರಡು ಜಾಗಗಳ ನಡುವಿನ ಒತ್ತಡ, ಅದರ ಅಳತೆ ವೋಲ್ಟ್. ಟ್ಯಾಂಕಿನಲ್ಲಿ ನೀರಿನ ಒತ್ತಡ ಇದ್ದು, ನಲ್ಲಿ ಮುಚ್ಚಿದ್ದರೆ ನೀರು ಹರಿಯುವುದಿಲ್ಲ, ಅಲ್ವಾ? ಹಾಗೆಯೇ ವೋಲ್ಟೇಜ್ ಇದ್ದೂ ಕರೆಂಟ್ ಇಲ್ಲದಿರಬಹುದು. ‘12 ವೋಲ್ಟ್ ಕರೆಂಟ್’ ಅಂತ ಬರೆದರೆ ಓದಿದವರು ತಲೆ ಕೆರೆದುಕೊಳ್ಳುತ್ತಾರೆ.

‘ಶಾರ್ಟ್ ಆಗೇತಿ.’ ನಮ್ಮ ಕಡೆ ಏನೇ ಕೆಟ್ಟರೂ ಶಾರ್ಟ್. ನಿಜವಾದ ಶಾರ್ಟ್ ಅಂದರೆ ಸೇರಬಾರದ ಎರಡು ಜಾಗ ಸೇರಿರುವುದು. ಅದರ ಉಲ್ಟಾ, ಅಂದರೆ ಸೇರಬೇಕಾದದ್ದು ಬಿಟ್ಟಿರುವುದು, ಓಪನ್. ಎರಡಕ್ಕೂ ಮದ್ದು ಬೇರೆ.

‘ಅರ್ಥಿಂಗ್ ಕೊಟ್ಟೀನಿ.’ ಬ್ಯಾಟರಿ ಸರ್ಕೀಟಿನ ಗ್ರೌಂಡಿಗೂ ಮನೆಯ ಅಂಗಳದಲ್ಲಿ ಹೂತ ಅರ್ಥಿಂಗಿಗೂ ಸಂಬಂಧವಿಲ್ಲ. ಗ್ರೌಂಡ್ ಅಂದರೆ ನಿಮ್ಮ ಸರ್ಕೀಟಿನ ಸೊನ್ನೆ ವೋಲ್ಟಿನ ಗೆರೆ, ಸಾಮಾನ್ಯವಾಗಿ ಬ್ಯಾಟರಿಯ ಮೈನಸ್. ಒಂದರ ಜಾಗದಲ್ಲಿ ಇನ್ನೊಂದರ ಹೆಸರು ಹೇಳಬೇಡಿ.

‘ಬೋರ್ಡ್ ಹೋಗೇತಿ.’ ಯಾವ ಬೋರ್ಡ್? ಅರ್ಡುಯಿನೋನಾ, ರಿಲೇ ಮಾಡ್ಯೂಲಾ, ಗೋಡೆಯ ಸ್ವಿಚ್ ಬೋರ್ಡಾ? ಹೋಗಿದೆ ಅಂದರೆ ಹೊಗೆ ಬಂತಾ, ಲೈಟ್ ಹತ್ತುತ್ತಿಲ್ಲವಾ, ಕಂಪ್ಯೂಟರಿಗೆ ಗೊತ್ತಾಗುತ್ತಿಲ್ಲವಾ? ನಿಮ್ಮ ತೀರ್ಮಾನಕ್ಕಿಂತ ಮೊದಲು ನೀವು ಕಂಡದ್ದನ್ನು ಬರೆಯಿರಿ.

ಇನ್ನು ಅಳತೆಯ ಹೆಸರು. ಮಿಲಿ ಅಂದರೆ ಸಾವಿರದ ಒಂದು ಭಾಗ, ಮೆಗಾ ಅಂದರೆ ಹತ್ತು ಲಕ್ಷ ಪಟ್ಟು. ಇಂಗ್ಲಿಷಿನಲ್ಲಿ ಮಿಲಿಗೆ ಸಣ್ಣ ಎಂ, ಮೆಗಾಗೆ ದೊಡ್ಡ ಎಂ. ಮೊಬೈಲ್ ತಾನೇ ದೊಡ್ಡದು ಮಾಡಿಬಿಡುತ್ತದೆ, ನೋಡಿಕೊಳ್ಳಿ. ಸಣ್ಣ ಕೆಪಾಸಿಟರಿನ ಮೇಲೆ 104 ಅಂತ ಇದ್ದರೆ ಅದು 10ರ ಮುಂದೆ ನಾಲ್ಕು ಸೊನ್ನೆ, ಅಂದರೆ 1,00,000 ಪಿಕೋಫ್ಯಾರಡ್. ಅದೇ 0.1 ಮೈಕ್ರೋಫ್ಯಾರಡ್. ಅನುಮಾನ ಬಂದರೆ ಪಾರ್ಟಿನ ಮೇಲೆ ಬರೆದದ್ದನ್ನು ಹಾಗೇ ಕೊಡಿ.

ಹೊರದೇಶದವರ ಗುಂಪಿನಲ್ಲಿ ಕೇಳುವಾಗ ನೀವು ಭಾರತದಲ್ಲಿದ್ದೀರಿ ಅಂತ ಮೊದಲೇ ಹೇಳಿ. ಅಮೆರಿಕದ ಮನೆಯಲ್ಲಿ 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಇನ್ನೂ ಭಯದ ವಿಷಯ ಬಣ್ಣದ್ದು. ನಮ್ಮ ಮನೆಗಳ ಗೋಡೆ ವೈರಿಂಗಿನಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪು ಅಂದರೆ ಫೇಸ್, ಮುಟ್ಟಿದರೆ ಹೊಡೆಯುವ ವೈರ್. ಮೊದಲ ಹಂತದಲ್ಲಿ ಅಷ್ಟು ಒತ್ತಿ ಹೇಳಿದ್ದು ಇದಕ್ಕೂ ಸೇರಿ.

ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಆ ಗುಂಪುಗಳಲ್ಲಿ ಪೋಲೆಂಡಿನವರು, ಬ್ರೆಜಿಲಿನವರು, ಜಪಾನಿನವರು ಎಲ್ಲ ಇರುತ್ತಾರೆ. ಸಣ್ಣ ಸಣ್ಣ ವಾಕ್ಯ ಬರೆಯಿರಿ. ಮೊಬೈಲಿನಲ್ಲಿ ಅನುವಾದ ಮಾಡುವುದಾದರೆ ಮೊದಲು ಕನ್ನಡದಲ್ಲೇ ಚೆನ್ನಾಗಿ ಬರೆದು ಆಮೇಲೆ ಮಾಡಿ. ‘ಹತ್ತವಲ್ದು’ ಅನುವಾದಕ್ಕೆ ಸಿಕ್ಕುವುದಿಲ್ಲ, ‘ಎಲ್‌ಇಡಿ ಉರಿಯುತ್ತಿಲ್ಲ’ ಸಿಗುತ್ತದೆ. ಅಂಕಿಗೂ ಚಿತ್ರಕ್ಕೂ ಅನುವಾದವೇ ಬೇಡ.

7. ಫೋಟೋ ಮತ್ತು ಕೋಡ್

ಫೋಟೋವನ್ನು ಹಗಲಿನಲ್ಲಿ, ಕಿಟಕಿಯ ಪಕ್ಕ, ಫ್ಲ್ಯಾಷ್ ಇಲ್ಲದೆ ನೇರ ಮೇಲಿನಿಂದ ತೆಗೆಯಿರಿ. ಇಡೀ ಬೋರ್ಡಿನದು ಒಂದು, ತೊಂದರೆ ಇರುವ ಜಾಗದ್ದು ಒಂದು ಸಾಕು. ಪ್ಲಸ್‌ಗೆ ಕೆಂಪು, ಗ್ರೌಂಡಿಗೆ ಕಪ್ಪು ವೈರ್ ಬಳಸಿದರೆ ನೋಡುವವರಿಗೆ ಅರ್ಧ ಕೆಲಸ ಕಡಿಮೆ. ಮೂರು ನಿಮಿಷದ ವಿಡಿಯೋ ಯಾರೂ ನೋಡುವುದಿಲ್ಲ.

ಕೋಡನ್ನು ಅಕ್ಷರವಾಗಿಯೇ ಅಂಟಿಸಿ. ಲ್ಯಾಪ್‌ಟಾಪ್ ಪರದೆಯ ಫೋಟೋ ಹಾಕಿದರೆ ಯಾರೂ ಅದನ್ನು ತಮ್ಮ ಬೋರ್ಡಿನಲ್ಲಿ ನಡೆಸಿ ನೋಡಲಾಗದು. ಎರರ್ ಮೆಸೇಜನ್ನು ಒಂದಕ್ಷರ ಬದಲಿಸದೆ ಪೂರ್ತಿ ಕೊಡಿ.

8. ಈಗ ಪ್ರಶ್ನೆ ಬರೆಯಿರಿ

ತಲೆಬರಹದಿಂದ ಶುರು. ‘ಹೆಲ್ಪ್ ಪ್ಲೀಸ್ ಅರ್ಜೆಂಟ್’ ಅಂದರೆ ಓದುವವರು ಮುಂದೆ ಹೋಗುತ್ತಾರೆ. ಯಾವ ಸಾಧನ, ಏನಾಗುತ್ತಿದೆ, ಯಾವಾಗ: ಈ ಮೂರು ತಲೆಬರಹದಲ್ಲೇ ಇರಲಿ. ಒಂದು ಮಾದರಿ ಕೊಡುತ್ತೇನೆ. ಇದರಲ್ಲಿ ಬರುವ ಇಎಸ್‌ಪಿ32 ಅಂದರೆ ಅರ್ಡುಯಿನೋ ಥರದ, ವೈಫೈ ಇರುವ ಬೋರ್ಡ್. ಸೀರಿಯಲ್ ಮಾನಿಟರ್ ಅಂದರೆ ಬೋರ್ಡ್ ಕಳಿಸುವ ಮೆಸೇಜನ್ನು ಕಂಪ್ಯೂಟರಿನಲ್ಲಿ ತೋರಿಸುವ ಜಾಗ. ನಿಮ್ಮ ವಿಷಯಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ತಲೆಬರಹ: 12 ವೋಲ್ಟ್ ಪಂಪ್ ಶುರುವಾದ ಕೂಡಲೇ ಇಎಸ್‌ಪಿ32 ರೀಸೆಟ್ ಆಗುತ್ತಿದೆ

‘ಕುಂಡದ ಮಣ್ಣು ಒಣಗಿದಾಗ ಪಂಪ್ ಶುರುವಾಗಬೇಕು, ಇದು ನನ್ನ ಗುರಿ. ನಾನು ಭಾರತದಲ್ಲಿದ್ದೇನೆ, ಹೊಸಬ. ಇಎಸ್‌ಪಿ32 ಬೋರ್ಡ್, ಮಣ್ಣಿನ ತೇವ ನೋಡುವ ಸೆನ್ಸರ್, 5 ವೋಲ್ಟ್ ರಿಲೇ ಮಾಡ್ಯೂಲ್, ಡಿಸಿ ಪಂಪ್ ಬಳಸಿದ್ದೇನೆ. ಪಂಪಿನ ಲೇಬಲ್ ಮೇಲೆ 12 ವೋಲ್ಟ್ 2 ಆಂಪಿಯರ್ ಅಂತ ಇದೆ. ಸಪ್ಲೈ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್. ಅದರಿಂದಲೇ ಪಂಪಿಗೂ, ಎಲ್‌ಎಂ2596 ಮಾಡ್ಯೂಲ್ ಮೂಲಕ 5 ವೋಲ್ಟ್ ಮಾಡಿ ಇಎಸ್‌ಪಿ32ಕ್ಕೂ ಕೊಟ್ಟಿದ್ದೇನೆ. ಚಿತ್ರ, ಫೋಟೋ ಕೆಳಗಿವೆ.

ಪಂಪ್ ನಿಂತಿರುವಾಗ ಅಡಾಪ್ಟರ್ 12.1 ವೋಲ್ಟ್. ಪಂಪ್ ಶುರುವಾದ ಕ್ಷಣ ಅಂಕಿ 5 ಮತ್ತು 7ರ ನಡುವೆ ಓಡಾಡುತ್ತದೆ. ಸೀರಿಯಲ್ ಮಾನಿಟರಿನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’ ಅಂತ ಬರುತ್ತದೆ. ಪಂಪ್ ತೆಗೆದು ಎಲ್‌ಇಡಿ ಹಾಕಿದರೆ ರೀಸೆಟ್ ಆಗುವುದಿಲ್ಲ. ಅಡಾಪ್ಟರ್ ಸಣ್ಣದಾಯಿತು ಅಂತ ನನ್ನ ಅನುಮಾನ. ಸರಿಯೇ? ಎಷ್ಟು ಆಂಪಿಯರಿನದು ಬೇಕು? ನನ್ನ ಹತ್ತಿರ 1ಎನ್4007 ಡಯೋಡ್, 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ಇವೆ.’

ಇದನ್ನು ಓದಿದರೆ ನಿಮಗೇ ಉತ್ತರ ಕಾಣುತ್ತದೆ. ಬ್ರೌನ್‌ಔಟ್ ಅಂದರೆ ವೋಲ್ಟೇಜ್ ಬೇಕಾದದ್ದಕ್ಕಿಂತ ಕೆಳಗೆ ಇಳಿಯುವುದು. ಮೋಟರ್ ತಿರುಗಲು ಶುರು ಮಾಡುವಾಗ ಲೇಬಲ್‌ನಲ್ಲಿ ಬರೆದಿರುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. 1 ಆಂಪಿಯರ್ ಅಡಾಪ್ಟರ್ ಅಲ್ಲಿ ಕುಸಿಯುತ್ತದೆ. ಮೀಟರ್ ನಿಧಾನ, ಆದ್ದರಿಂದ ನಿಜವಾದ ಕುಸಿತ ಅದು ತೋರಿಸಿದ್ದಕ್ಕಿಂತ ಜಾಸ್ತಿಯೇ ಇರಬಹುದು.

ಕೊನೆಯ ಸಾಲು ಗಮನಿಸಿದಿರಾ? ಕೈಯಲ್ಲಿರುವ ಪಾರ್ಟುಗಳ ಪಟ್ಟಿ. (ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪಾರ್ಟ್.) ನಮ್ಮ ಊರುಗಳಲ್ಲಿ ಎಲ್ಲ ಪಾರ್ಟ್ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಿದರೆ ನಾಲ್ಕಾರು ದಿನ. ಇರುವುದನ್ನು ಹೇಳಿದರೆ ಅದರಲ್ಲೇ ಆಗುವ ದಾರಿ ತೋರಿಸುತ್ತಾರೆ.

ಕಾಲೇಜಿನ ಪ್ರಾಜೆಕ್ಟ್ ಅಥವಾ ಅಸೈನ್‌ಮೆಂಟ್ ಆಗಿದ್ದರೆ ಮುಚ್ಚಿಡಬೇಡಿ. ನೀವು ಎಲ್ಲಿವರೆಗೆ ಮಾಡಿದ್ದೀರಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ತೋರಿಸಿ. ‘ಪೂರ್ತಿ ಪ್ರಾಜೆಕ್ಟ್ ಕಳಿಸಿ’ ಅಂದರೆ ಯಾರೂ ಕಳಿಸುವುದಿಲ್ಲ, ಕಳಿಸಬಾರದು ಕೂಡ. ವೈವಾದಲ್ಲಿ ಉತ್ತರ ಹೇಳಬೇಕಾದವರು ನೀವೇ.

9. ಎಲ್ಲಿ, ಯಾವಾಗ ಕೇಳಬೇಕು?

ಅರ್ಡುಯಿನೋ ಬೋರ್ಡಿನ ಪ್ರಶ್ನೆಗೆ ಅರ್ಡುಯಿನೋ ಫೋರಂ ಒಳ್ಳೆಯದು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸ್ಟ್ಯಾಕ್ ಎಕ್ಸ್‌ಚೇಂಜ್‌ನಲ್ಲಿ ಸರ್ಕೀಟ್ ಚಿತ್ರ ಬರೆಯುವ ಸೌಲಭ್ಯ ಅಲ್ಲೇ ಇದೆ. ಆದರೆ ‘ಯಾವ ಕಂಪನಿಯದು ಕೊಳ್ಳಲಿ’ ಅನ್ನುವ ಪ್ರಶ್ನೆಯನ್ನು ಅಲ್ಲಿ ಮುಚ್ಚಿಬಿಡುತ್ತಾರೆ. ರೆಡಿಟ್‌ನ ಆಸ್ಕ್ ಎಲೆಕ್ಟ್ರಾನಿಕ್ಸ್ ಗುಂಪು ಸಹ ಇದೆ. ಎಲ್ಲೇ ಆಗಲಿ, ಮೊದಲು ಅಲ್ಲಿನ ನಿಯಮ ಓದಿ, ಹಳೆಯ ಪ್ರಶ್ನೆಗಳಲ್ಲಿ ಹುಡುಕಿ. ಒಂದೇ ಪ್ರಶ್ನೆಯನ್ನು ಐದು ಕಡೆ ಒಟ್ಟಿಗೆ ಹಾಕಬೇಡಿ. ಎರಡನೇ ಕಡೆ ಹಾಕಲೇಬೇಕಾದರೆ ಮೊದಲಿನ ಕೊಂಡಿ ಕೊಡಿ.

ಇಲ್ಲಿ ಬೆಳಿಗ್ಗೆ 9 ಗಂಟೆಯಾದರೆ ನ್ಯೂಯಾರ್ಕಿನಲ್ಲಿ ಮಲಗುವ ಹೊತ್ತು, ಯುರೋಪ್ ಇನ್ನೂ ಎದ್ದಿರುವುದಿಲ್ಲ. ಸಂಜೆ 8ಕ್ಕೆ ಹಾಕಿದರೆ ಯುರೋಪಿನಲ್ಲಿ ಮಧ್ಯಾಹ್ನ, ಅಮೆರಿಕದ ಪೂರ್ವದಲ್ಲಿ ಬೆಳಿಗ್ಗೆ. ಹಾಕಿದ ಮೇಲೆ ಒಂದೆರಡು ಗಂಟೆ ಮೊಬೈಲ್ ಹತ್ತಿರ ಇರಿ. ಉತ್ತರ ಕೊಡುವವರು ಮೊದಲು ತಿರುಗಿ ಪ್ರಶ್ನೆ ಕೇಳುತ್ತಾರೆ. ಆಗ ನೀವು ಇಲ್ಲದಿದ್ದರೆ ಅವರು ಬೇರೆಯವರ ಕಡೆ ಹೋಗುತ್ತಾರೆ.

10. ಉತ್ತರ ಬಂದ ಮೇಲೆ

‘ಇದನ್ನು ಅಳೆದು ಹೇಳಿ’ ಅಂದರೆ ಅಳೆದೇ ಹೇಳಿ. ‘ಅದೆಲ್ಲ ಸರಿ ಇದೆ ಸರ್’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಎರಡು ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಡೇಟಾಶೀಟ್ ನೋಡಿ, ಅದರ ಮಾತೇ ಕೊನೆ. ಮೊಬೈಲಿನ ಎಐ ಆ್ಯಪ್ ಹೇಳಿದ ಕಾಲಿನ ನಂಬರನ್ನೂ ಡೇಟಾಶೀಟಿನಲ್ಲಿ ಪರೀಕ್ಷಿಸದೆ ಬಳಸಬೇಡಿ. ಒರಟಾಗಿ ಮಾತಾಡುವವರೂ ಇರುತ್ತಾರೆ. ಮಾತಿನ ಧಾಟಿ ಬಿಟ್ಟು ಅದರಲ್ಲಿರುವ ಮಾಹಿತಿ ಎತ್ತಿಕೊಳ್ಳಿ. ಬರೀ ಬೈಗುಳವೇ ಆದರೆ ಉತ್ತರಿಸುವ ಅಗತ್ಯವಿಲ್ಲ. ಕೇಳದೆ ಯಾರ ಖಾಸಗಿ ಇನ್‌ಬಾಕ್ಸಿಗೂ ಹೋಗಬೇಡಿ.

ಮೊದಲಿನ ಪ್ರಶ್ನೆಯನ್ನು ಅಳಿಸಬೇಡಿ, ಹೊಸ ಮಾಹಿತಿಯನ್ನು ಕೆಳಗೆ ಸೇರಿಸಿ. ಸರಿಹೋದ ದಿನ ಏನು ಮಾಡಿದಿರಿ ಅಂತ ಅಲ್ಲೇ ಬರೆಯಿರಿ. ‘12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಹಾಕಿದೆ. ಪಂಪಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿದೆ, ಬಿಳಿ ಪಟ್ಟಿ ಪ್ಲಸ್ ಕಡೆ. ಈಗ ಪಂಪ್ ಶುರುವಾದಾಗ 11.6 ವೋಲ್ಟ್ ಇದೆ, ಎರಡು ದಿನದಿಂದ ಒಂದೂ ರೀಸೆಟ್ ಆಗಿಲ್ಲ. ಎಲ್ಲರಿಗೂ ಧನ್ಯವಾದ.’ ಮುಂದಿನ ವರ್ಷ ಅದೇ ತೊಂದರೆ ಹಿಡಿದು ಬರುವ ಹುಡುಗಿಯೋ ಹುಡುಗನೋ ಈ ನಾಲ್ಕು ಸಾಲನ್ನೇ ಹುಡುಕುತ್ತಿರುತ್ತಾರೆ.